ಊಟಕ್ಕೆ ಮೊದಲು ಹೇಳಬೇಕಾದ ಸುದ್ದಿ

“ಮನುಷ್ಯಾ ಶಾಣ್ಯಾ ಇದ್ದ, ಇಲ್ಲಂತಲ್ಲ. ಆದ್ರ ಎದಿಯಾಗ ಕಲ್ಲಿತ್ತು. ಪರದೇಶದಾಗ ಒಬ್ಬಾಕಿನ ಇದ್ದ ಹುಡುಗಿಗೆ, ಪರೀಕ್ಷಾ ಮುಂದಿಟ್ಟಕೊಂಡು ಕುಂತಾಕಿಗೆ, ಫೋನ್ ಹಚ್ಚಿ ‘ನಿಮ್ಮವ್ವ ಸತ್ಲು’ ಅಂತ ಹೇಳಿದ. ಮನಿಯವರು ಬ್ಯಾಡ ಬ್ಯಾಡ ಅಂದ್ರೂ ಹೇಳಿದ. ಆಕಿ ಓದು ಅವತ್ತಿಗೆ ಮುಗೀತು.”

ಶಿರಹಟ್ಟಿಯ ಬಸ್ ನಿಲ್ದಾಣದ ಚಹದಂಗಡಿಯಲ್ಲಿ, ಲಕ್ಷ್ಮೇಶ್ವರದ ಮದುವೆಯೊಂದರ ಪಂಕ್ತಿಯಲ್ಲಿ, ಕೊನೆಗೆ ಬೆಟಗೇರಿಯಲ್ಲಿ ಆ ಮನುಷ್ಯನ ಶವದ ಎದುರಿಗೇ ತಗ್ಗಿದ ದನಿಯಲ್ಲಿ ಈ ಮಾತನ್ನು ನಾನು ಕೇಳಿದ್ದೇನೆ. ಹೇಳುವವರೆಲ್ಲರೂ ಒಂದೇ ಆಧಾರ ಕೊಡುತ್ತಾರೆ: “ಆತನ ಬಾಯಿಂದನ ಒಪ್ಪಿಕೊಂಡಾನ್ರಿ, ಮಂದಿ ಮುಂದ.” ಒಪ್ಪಿಕೊಂಡದ್ದು ನಿಜ. ಒಪ್ಪಿಕೊಂಡ ಸಂಗತಿ ನಿಜವಲ್ಲ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಗದಗಿನ ಮುದ್ರಣಾಲಯವೊಂದರಲ್ಲಿ ಕರಡಚ್ಚು ತಿದ್ದುತ್ತ ಓದು ಕಲಿತವನು. ಮೂಲಪ್ರತಿಯನ್ನು ನೋಡದೆ ಅಚ್ಚನ್ನು ನಂಬಬಾರದು ಎಂಬುದೊಂದೇ ನನ್ನ ವಿದ್ಯೆ. ಆ ಮನುಷ್ಯನ ವಿಷಯದಲ್ಲಿ ಊರು ಅಚ್ಚನ್ನು ಓದಿದೆ; ಮೂಲವನ್ನು ನಾನು ನೋಡಿದ್ದೇನೆ.

ಎಲ್ಲರಿಗೂ ಅವರು ‘ಸರ್’. ಹರೆಯದಲ್ಲಿ ಆಗಿನ ಸೋವಿಯೆತ್ ದೇಶಕ್ಕೆ ಹೋಗಿ ಕಲ್ಲುಗಳ ಶಾಸ್ತ್ರ ಓದಿ ಬಂದವರು. ಗದಗಿನ ಕಾಲೇಜೊಂದರಲ್ಲಿ ಅದನ್ನೇ ಕಲಿಸಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಗಂಡನನ್ನು ಬೇಗ ಕಳೆದುಕೊಂಡು ತವರಿಗೆ ಮರಳಿದ ತಂಗಿಯೊಡನೆ ಬೆಟಗೇರಿಯ ನೇಕಾರರ ಓಣಿಯಲ್ಲಿ, ನನ್ನ ಮನೆಯ ಎದುರಿನಲ್ಲೇ ಇದ್ದರು. ಓಣಿಯ ಮಗ್ಗಗಳ ಸದ್ದಿಗೆ ಅವರು ಎಷ್ಟು ಒಗ್ಗಿದ್ದರೆಂದರೆ, ಮಗ್ಗ ನಿಂತ ದಿನ ಮಾತಿನ ನಡುವೆ ತಡವರಿಸುತ್ತಿದ್ದರು.

ಅವರ ಎಡಗಿವಿಯ ಅಂಚು ಮುದುಡಿ ಕಪ್ಪಾಗಿತ್ತು. ಆ ದೇಶದ ಮೊದಲ ಚಳಿಗಾಲದಲ್ಲಿ ಟೊಪ್ಪಿಗೆಯಿಲ್ಲದೆ ಹೊರಗೆ ಹೋಗಿದ್ದರ ಫಲ. ಪರದೇಶಕ್ಕೆ ಓದಲು ಹೊರಟ ಹುಡುಗರು ಮನೆಗೆ ಬಂದರೆ ಮೊದಲು ಆ ಕಿವಿಯನ್ನು ಬೆಳಕಿಗೆ ತಿರುಗಿಸಿ ತೋರಿಸುತ್ತಿದ್ದರು. “ನೋಡ್ರಿ, ಇದು ನನ್ನ ಮೊದಲನೇ ಡಿಗ್ರಿ. ಎರಡನೇದು ಗ್ವಾಡಿಮ್ಯಾಲೆ ಐತಿ.”

ಅಂಥ ಹುಡುಗರು ಭಾನುವಾರಗಳಂದು ಬರುತ್ತಿದ್ದರು. ಆರಂಭದಲ್ಲಿ ಸಹೋದ್ಯೋಗಿಯೊಬ್ಬರ ಮಗ ಬಂದ. ಅವನಿಂದ ಸುದ್ದಿ ಹಬ್ಬಿ, ಮುಂಡರಗಿ, ಲಕ್ಷ್ಮೇಶ್ವರ, ಅಂತೂರ-ಬೆಂತೂರಗಳಿಂದ ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ಬರತೊಡಗಿದರು. ಯಾವ ದೇಶ, ಯಾವ ಕಾಲೇಜು ಎಂದು ಕೇಳಿದರೆ ಅವರು ಕೈಯಾಡಿಸಿಬಿಡುತ್ತಿದ್ದರು. “ಅದನ್ನ ಹೇಳಾಕ ಹುಬ್ಬಳ್ಳ್ಯಾಗ ಬೋರ್ಡ್ ಹಾಕ್ಕೊಂಡು ಕುಂತಾರ. ಹೋದ ಮ್ಯಾಲೆ ಹ್ಯಾಂಗ ಇರಬೇಕು, ಅದನ್ನಷ್ಟ ನಾ ಹೇಳ್ತೀನಿ.”

ಹೇಳುತ್ತಿದ್ದುದು ಸಣ್ಣಸಣ್ಣ ಮಾತುಗಳು. ಹೋದ ವಾರದಲ್ಲೇ ಹಗಲುಹೊತ್ತಿನಲ್ಲಿ ನಡೆದುಹೋಗಿ ದವಾಖಾನೆ ಎಲ್ಲಿದೆಯೆಂದು ನೋಡಿಕೊಂಡು ಬರಬೇಕು. ಜ್ವರ ಬಂದ ಮೇಲೆ ಹುಡುಕಲಾಗದು. ಬಾಡಿಗೆ ಕೋಣೆಗೆ ಕಾಲಿಟ್ಟ ದಿನವೇ ಗೋಡೆ, ಕಿಟಕಿ, ನಲ್ಲಿಗಳ ಫೋಟೋ ತೆಗೆದಿಡಬೇಕು. ಹಳೆಯ ಬಿರುಕು ನಮ್ಮ ತಲೆಗೆ ಬರಬಾರದು. ದಪ್ಪ ಕೋಟನ್ನು ಇಲ್ಲಿಂದ ಹೊರಬಾರದು, ಅಲ್ಲಿಯ ಚಳಿಯನ್ನು ಅಲ್ಲಿಯ ಬಟ್ಟೆಯೇ ಬಲ್ಲದು. ದಿನಾಲೂ ನುಂಗುವ ಗುಳಿಗೆ ಮತ್ತು ವೈದ್ಯರ ಚೀಟಿ ಕೈಚೀಲದಲ್ಲೇ ಇರಬೇಕು, ದೊಡ್ಡ ಪೆಟ್ಟಿಗೆ ದಾರಿ ತಪ್ಪಬಹುದು. ಚಳಿಗಾಲದಲ್ಲಿ ಬಿಸಿಲು ಕಂಡ ಕೂಡಲೆ ಪುಸ್ತಕ ಮುಚ್ಚಿ ಹೊರಗೆ ಹೋಗಬೇಕು. ಇದನ್ನು ಮಾತ್ರ ಅವರು ಎರಡು ಸಲ ಹೇಳುತ್ತಿದ್ದರು. “ಓದು ಎಲ್ಲಿ ಓಡಿ ಹೋಗತೈತಿ? ಬಿಸಲ ಹೋಗತೈತಿ. ಬಿಸಲ ಕಾಣದ ಮನಸು ಕೊಳೀತೈತಿ, ನಿನಗ ಗೊತ್ತ ಆಗಂಗಿಲ್ಲ.”

ಅವರದೊಂದು ಪರೀಕ್ಷೆಯಿತ್ತು. ಪ್ರಯಾಣದ ಪೆಟ್ಟಿಗೆಗಳನ್ನು ಪೂರ್ತಿ ತುಂಬಿಸಿ, ಅವನ್ನು ಎಳೆದುಕೊಂಡು ಬೆಟಗೇರಿಯಿಂದ ಗದಗ ರೈಲು ನಿಲ್ದಾಣದವರೆಗೆ ನಡೆಸಿ, ಅಲ್ಲಿಯ ಮೇಲ್ಸೇತುವೆ ಹತ್ತಿಸಿ ಇಳಿಸುತ್ತಿದ್ದರು. ಜೊತೆಗೆ ಬಂದ ಅಪ್ಪಂದಿರು ಕೈಚಾಚಿದರೆ ತಡೆಯುತ್ತಿದ್ದರು. “ಬಿಡ್ರಿ ಸಾಹೇಬರ. ಅಲ್ಲಿಗೂ ನೀವ ಹೊಕ್ಕೀರೇನು?” ಸೇತುವೆಯ ನಡುವೆ ಏದುಸಿರು ಬಿಡುತ್ತ ನಿಂತ ಹುಡುಗರು ಮನೆಗೆ ಮರಳಿದವರೇ ಅರ್ಧ ಸಾಮಾನು ಹೊರಗೆ ತೆಗೆಯುತ್ತಿದ್ದರು. ಬೈಯುವ ಅಗತ್ಯ ಅವರಿಗೆ ಬೀಳುತ್ತಿರಲಿಲ್ಲ.

ಶಿರಹಟ್ಟಿಯ ಹುಡುಗಿ ಬಂದದ್ದು ಹೀಗೊಂದು ಭಾನುವಾರ. ಬೀಜಗಳನ್ನು ಕೆಡದಂತೆ ಕಾಪಾಡುವ ಶಾಸ್ತ್ರ ಓದಲು ಜರ್ಮನಿಗೆ ಹೊರಟಿದ್ದಳು. ಜೊತೆಗೆ ತಾಯಿ, ತಂದೆ, ದೊಡ್ಡಪ್ಪ. ಅಣ್ಣತಮ್ಮಂದಿರದು ಕೂಡಿದ ಮನೆ, ಕಾಳುಕಡಿಯ ಅಡತಿ ಅಂಗಡಿ. ಮಾತೆಲ್ಲ ದೊಡ್ಡಪ್ಪನದು, ತಂದೆ ಅಣ್ಣನ ಮಗ್ಗುಲಲ್ಲಿ ಕುಳಿತು ತಲೆಯಾಡಿಸುವವರು.

ಸರ್ ಪೆಟ್ಟಿಗೆ ಬಿಚ್ಚಿಸಿದರು. ಕಡಕ್ ರೊಟ್ಟಿಯ ಅಟ್ಟಿ, ವೃತ್ತಪತ್ರಿಕೆಯಲ್ಲಿ ಸುತ್ತಿದ ಶೇಂಗಾ ಚಟ್ನಿ, ಅದರ ಕೆಳಗೆ ಒಂದು ಲಟ್ಟಣಿಗೆ.

“ಈ ಪುಡಿ ಏನಂತ ವಿಮಾನ ನಿಲ್ದಾಣದಾಗ ಕೇಳಿದ್ರ ಏನ ಹೇಳ್ತೀ?”

“ಚಟ್ನಿ ಅಂತೀನ್ರಿ.”

“ಅವರು ಮೂಸಿ ನೋಡಿ ಸೀನತಾರ. ಆಮ್ಯಾಲೆ ನಿನ್ನನ್ನ ಬಾಜೂಕ ನಿಲ್ಲಸ್ತಾರ. ಪೊಟ್ಟಣದ ಮ್ಯಾಲೆ ಹೆಸರು ಬರೀಬೇಕು, ಗಟ್ಟಿ ಪಾಕೀಟನ್ಯಾಗ ಸೀಲ್ ಮಾಡಬೇಕು. ಆ ದೇಶದೊಳಗ ಯಾವ ತಿನಿಸು ಬಿಡ್ತಾರ, ಯಾವದು ಬಿಡಂಗಿಲ್ಲ, ಹೋಗೂ ಮೊದಲ ನೋಡ್ಕೋಬೇಕು.”

ತಾಯಿ ಲಟ್ಟಣಿಗೆಯನ್ನು ಸೆರಗಿನಡಿ ಸರಿಸಿಕೊಂಡರು. “ಇದರೆ ಇರಲ್ರಿ ಸರ್. ಇದಕ್ಕೇನ ವಾಸನಿ ಐತಿ?”

“ಅದು ಇರಲ್ರಿ ಅಕ್ಕಾರ. ದೊಡ್ಡ ಪೆಟಗ್ಯಾಗ ಇಡ್ರಿ. ಕೈಚೀಲದಾಗ ಕಂಡ್ರ ಹೊಡ್ಯಾಕ ಬಂದಾಳಂತ ಹೆದರತಾರ.”

ಎಲ್ಲರೂ ನಕ್ಕರು. ಆ ನಗೆಯ ನಡುವೆ ದೊಡ್ಡಪ್ಪ ಜೇಬಿನಿಂದ ಹೊಲಿದ ಗಂಟೊಂದನ್ನು ತೆಗೆದು, ಅಲ್ಲಿರುವ ಪರಿಚಯದವರ ಮಗನಿಗೆ ಮುಟ್ಟಿಸಬೇಕೆಂದರು. ಸರ್ ಅದನ್ನು ಮುಟ್ಟದೆ ಹುಡುಗಿಗೆ ಹೇಳಿದರು: “ನಿನ್ನ ಕೈಲೆ ಕಟ್ಟದ್ದು ಯಾವದೂ ನಿನ್ನ ಪೆಟಗ್ಯಾಗ ಹೋಗಬಾರದು. ನಿಮ್ಮ ದೊಡ್ಡಪ್ಪಾರು ಕೊಟ್ರೂ ಬಿಚ್ಚಿ ನೋಡಿ ಇಟ್ಕೋಬೇಕು, ಇಲ್ಲಾಂದ್ರ ಇಲ್ಲೇ ಬಿಡಬೇಕು.” ದೊಡ್ಡಪ್ಪನ ಮುಖ ಬಿಗಿಯಿತು. ಗಂಟು ಜೇಬಿಗೆ ಹಿಂದಿರುಗಿತು.

ಕೊನೆಯ ಮಾತೊಂದನ್ನು ಸರ್ ಪ್ರತಿಯೊಂದು ಮನೆಯವರಿಗೂ ಹೇಳುತ್ತಿದ್ದರು. ಅದನ್ನು ಹೇಳುವಾಗ ಎದ್ದು ನಿಲ್ಲುತ್ತಿದ್ದರು.

“ಈಕಿ ಅಲ್ಲಿದ್ದಾಗ ಮನ್ಯಾಗ ಏನರೆ ಕೆಟ್ಟದ್ದಾತು ಅಂದ್ರ, ಈಕಿಗೆ ಅವತ್ತ ಹೇಳಬೇಕು. ಪರೀಕ್ಷಾ ಮುಗೀಲಿ, ಊಟಾ ಮಾಡ್ಲಿ ಅನ್ನಂಗಿಲ್ಲ. ಇಷ್ಟಕ್ಕ ನೀವು ಹೂಂ ಅನಬೇಕು.”

“ಛಲೋ ದಿನಾ ಇಂಥಾ ಮಾತ ಯಾಕ್ರಿ ಸರ್?” ಎಂದರು ದೊಡ್ಡಪ್ಪ.

“ಛಲೋ ದಿನಾನ ಆಡಬೇಕ್ರಿ. ಕೆಟ್ಟ ದಿನಾ ಯಾರ ಬಾಯಾಗೂ ಮಾತ ಇರಂಗಿಲ್ಲ.”

ತಂದೆ ಅಣ್ಣನ ಮುಖ ನೋಡಿದರು. ಆಗ ತಾಯಿ, ಇನ್ನೂ ಲಟ್ಟಣಿಗೆ ಹಿಡಿದುಕೊಂಡೇ, ಗಂಡನ ಮೊಣಕೈ ತಿವಿದರು. “ಹೂಂ ಅನ್ರಿ. ನಾ ಸತ್ರೂ ಈಕಿಗೆ ಅವತ್ತ ಹೇಳ್ರಿ. ಇಲ್ಲಾಂದ್ರ ಈಕಿ ನನಗ ಫೋನ್ ಮಾಡಕೋತನ ಇರತಾಳ.” ತಂದೆ ಹೂಂ ಎಂದರು. ನಾನು ಅಲ್ಲೇ ಬಾಗಿಲ ಬಳಿ ಕುಳಿತಿದ್ದೆ.

ಸರ್ ಈ ಮಾತಿಗೆ ಯಾಕೆ ಇಷ್ಟು ಜೋತುಬಿದ್ದಿದ್ದರೆಂಬುದನ್ನು ಅವರು ಎಂದೂ ಹೇಳಲಿಲ್ಲ. ಅವರ ತಂಗಿ ಹೇಳಿದರು, ಸರ್ ತೀರಿಕೊಂಡ ಮೇಲೆ. ಸರ್ ಆ ಚಳಿದೇಶದಲ್ಲಿ ಓದುತ್ತಿದ್ದಾಗಲೇ ತಾಯಿ ತೀರಿಕೊಂಡಿದ್ದರು. ಓದು ಕೆಡುತ್ತದೆಂದು ಮನೆಯವರು ತಿಳಿಸಲಿಲ್ಲ. ಎಲ್ಲರೂ ಆರಾಮ ಎಂದೇ ಬರೆಯುತ್ತ ಹೋದರು. ರಜೆಗೆ ಬಂದಾಗ ಗದಗ ನಿಲ್ದಾಣಕ್ಕೆ ಮನೆಮಂದಿಯೆಲ್ಲ ಹೋಗಿದ್ದರು. ತಾಯಿ ಎಲ್ಲಿ ಎಂದರೆ ತವರಿಗೆ ಹೋಗಿದ್ದಾಳೆ ಎಂದರು. ನಮ್ಮ ಕಡೆ ಸಾವಿನ ಸುದ್ದಿಯನ್ನು ಹಸಿದವನಿಗೆ ಹೇಳುವುದಿಲ್ಲ. ಹೇಳಿದರೆ ಅವನು ಉಣ್ಣುವುದಿಲ್ಲ. ಆದ್ದರಿಂದ ಸ್ನಾನ ಮಾಡಿಸಿದರು, ಎಲೆ ಹಾಕಿದರು.

“ನಾನ ಬಡಸಿದ್ನ್ರಿ,” ಎಂದರು ತಂಗಿ. “ಬದನಿಕಾಯಿ ಎಣ್ಣಿಗಾಯಿ ಮಾಡಿದ್ನಿ. ಭಾಳ ದಿನಾ ಆಗಿತ್ತು, ಇನ್ನೊಂದಿಷ್ಟು ಹಾಕು, ಇನ್ನೊಂದಿಷ್ಟು ಹಾಕು ಅಂದ. ಹಾಕಿದ್ನಿ. ಅಂವ ಕೈ ತೊಳಕೊಂಡ ಮ್ಯಾಲೆ ಅಪ್ಪ ಹೇಳಿದ. ಅಣ್ಣ ಅಪ್ಪನ ಕಡೆ ನೋಡ್ಲಿಲ್ರಿ, ನನ್ನ ಕಡೆ ನೋಡಿದ. ‘ಬಡಸೂ ಮುಂದ ನಿನಗ ಗೊತ್ತಿತ್ತಲ್ಲ’ ಅಂದ. ಅಷ್ಟ. ಹೊಲಕ್ಕ ಹೋಗಿ ನೋಡಿದ್ರ ಅವ್ವನ ಮಣ್ಣಿನ ಮ್ಯಾಲೆ ಹುಲ್ಲು ಬೆಳದಿತ್ತು. ಆಮ್ಯಾಲೆ ಈ ಮನ್ಯಾಗ ಎಣ್ಣಿಗಾಯಿ ಮಾಡಿಲ್ಲ.”

ಸರ್ ಒಮ್ಮೆ ಸಂದರ್ಭವೇ ಇಲ್ಲದೆ ನನಗೆ ಹೇಳಿದ ಮಾತೊಂದಿತ್ತು. ಅದರ ಅರ್ಥ ಅಂದು ನನಗೆ ಪೂರ್ತಿಯಾಗಿ ಹೊಳೆಯಿತು. “ಸುದ್ದಿ ಮುಚ್ಚಾವರು ಪ್ರೀತಿಲೇ ಮುಚ್ಚತಾರ. ಅದಕ್ಕ ಅವರ ಮ್ಯಾಲೆ ಸಿಟ್ಟ ಮಾಡಾಕ ಬರಂಗಿಲ್ಲ. ಅದ ತ್ರಾಸ.”

ಶಿರಹಟ್ಟಿಯ ಆ ತಾಯಿ, ಮಗಳು ಹೋದ ಮರುವರ್ಷವೇ, ಒಂದು ಸಂಜೆ ಎದೆನೋವೆಂದು ಕುಳಿತವರು ಏಳಲಿಲ್ಲ. ಮರುದಿನ ಮುಂಜಾನೆ ಸುದ್ದಿ ತಿಳಿದು ನಾನೂ ಸರ್ ಅವರೂ ಬಸ್ಸಿನಲ್ಲಿ ಹೋದೆವು. ಪಡಸಾಲೆಯಲ್ಲಿ ಹೂವಿನ ನಡುವೆ ಅವರ ಶವವನ್ನು ಕೂರಿಸಿದ್ದರು. ಸರ್ ಕೈಮುಗಿದು, ದೊಡ್ಡಪ್ಪನ ಬಳಿ ಹೋಗಿ ಮೆಲ್ಲಗೆ ಕೇಳಿದರು: “ಹುಡುಗಿಗೆ ಹೇಳಿದ್ರ್ಯಾ?”

“ಪರೀಕ್ಷಾ ಅದಾವ್ರಿ ಸರ್. ಮುಗೀಲಿ. ಈಗ ಹೇಳಿದ್ರ ಅಲ್ಲಿ ಆಕಿನ್ನ ಯಾರು ಹಿಡೀತಾರ? ಮಣ್ಣಿಗೆ ಬಂದು ಮುಟ್ಟಾಕರೆ ಆಗತೈತೇನು?” ಅವರ ಕಣ್ಣು ಕೆಂಪಾಗಿದ್ದವು. ಅದು ಕಲ್ಲೆದೆಯ ಮಾತಾಗಿರಲಿಲ್ಲ. “ಎಲ್ಲಾರ ಕಡೆ ಆಣಿ ಮಾಡಿಸೀನಿ. ತಮ್ಮನ ಕಡೆನೂ, ಆಕೀ ಮುಂದನ, ಕೈಮ್ಯಾಲೆ ಕೈ ಇಡಿಸಿ.”

ಹೆಂಡತಿಗೆ ಕೊಟ್ಟ ಮಾತು ಒಂದು, ಅವಳ ಶವದೆದುರು ಅಣ್ಣನಿಗೆ ಮಾಡಿದ ಆಣೆ ಇನ್ನೊಂದು. ತಂದೆ ಕಂಬಕ್ಕೆ ಒರಗಿ ಕುಳಿತಿದ್ದರು. ಸರ್ ಹೋಗಿ ಅವರ ಬಳಿ ಕುಳಿತರು. ಊರಿನವರು ಹೇಳುವಂತೆ ಜಗಳ ತೆಗೆದದ್ದಾಗಲಿ, ಫೋನ್ ಕಸಿದುಕೊಂಡದ್ದಾಗಲಿ ನಡೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸರ್ ಅವರ ಫೋನ್ ಬಡಿದುಕೊಂಡಿತು. ನಾವಿಬ್ಬರೂ ಹಿತ್ತಲಿಗೆ ಹೋದೆವು. ಕರೆ ಮಾಡಿದವಳು ಆ ಹುಡುಗಿ. ಫೋನ್ ಮಾಡಿದವರು ಸರ್ ಎಂಬ ಮಾತು ಇಲ್ಲಿಯೇ ಸುಳ್ಳಾಗುತ್ತದೆ. ದನಿ ನನಗೂ ಕೇಳಿಸುತ್ತಿತ್ತು.

“ಸರ್, ಅವ್ವನ ಫೋನಿಗೆ ಹಚ್ಚಿದ್ರ ದೊಡ್ಡವ್ವ ಎತ್ತಿದ್ಲ್ರಿ. ಅವ್ವ ಹೊಲಕ್ಕ ಹೋಗ್ಯಾಳ ಅಂತಾಳ. ನಮ್ಮವ್ವ ಹೊಲಕ್ಕ ಹೋಗೂದ ಬಿಟ್ಟ ಎಷ್ಟೋ ದಿನಾ ಆತು. ಇಲ್ಲಿನ್ನೂ ಮುಂಜಾನಿ ಐತ್ರಿ, ಉಂಡೀ ಏನು, ಉಂಡೀ ಏನು ಅಂತ ಮತ್ತ ಮತ್ತ ಕೇಳಾಕತ್ತಾಳ. ಏನಾಗೇತ್ರಿ?”

ಸರ್ ಕಣ್ಣು ಮುಚ್ಚಿಕೊಂಡರು. ಅವರ ದನಿ ಮಾತ್ರ ಭಾನುವಾರದ ದನಿಯಾಗಿಯೇ ಉಳಿಯಿತು. “ನಿನ್ನ ಹತ್ರ ಯಾರದಾರ ಯವ್ವಾ?”

“ಸಂಗಾಟ ಕ್ವಾಣ್ಯಾಗ ಇರೂ ಗೆಳತಿ ಅದಾಳ್ರಿ.”

“ಆಕಿನ್ನ ಬಾಜೂಕ ಕುಂಡ್ರಿಸ್ಕೋ. ಫೋನ್ ಚಾರ್ಜಿಗೆ ಹಚ್ಚು. ಪಾಸ್‌ಪೋರ್ಟ್ ಎಲ್ಲೈತಿ ನೋಡಿ ಕೈಯಾಗ ಇಟ್ಕೋ. ನಿಮ್ಮಪ್ಪಾರು ಈಗ ಫೋನ್ ಮಾಡ್ತಾರ.”

ಅಷ್ಟೇ. ತಾಯಿ ಸತ್ತಳೆಂದು ಅವರು ಹೇಳಲಿಲ್ಲ. ನನ್ನನ್ನು ಕಳಿಸಿ ತಂದೆಯನ್ನು ಹಿತ್ತಲಿಗೆ ಕರೆಸಿದರು. “ಆಕಿ ಕೇಳಾಕತ್ತಾಳ್ರಿ. ನಾ ಹೇಳಬಹುದು. ಆದ್ರ ಅದು ನನ್ನ ಸುದ್ದಿ ಅಲ್ಲ, ನಿಮ್ಮದು. ಆಗಂಗಿಲ್ಲ ಅಂದ್ರ ಅನ್ರಿ, ನಾ ಹೇಳ್ತೀನಿ.”

ತಂದೆ ಬಾವಿಕಟ್ಟೆಯ ಮೇಲೆ ಕೈಯಿಟ್ಟು ನಿಂತರು. ಆಮೇಲೆ ತಮ್ಮ ಫೋನ್ ತೆಗೆದು ಮಗಳಿಗೆ ಹಚ್ಚಿದರು. “ಯವ್ವಾ,” ಎಂದರು. “ನಿಮ್ಮವ್ವ ಹ್ವಾದ್ಲು. ನಿನ್ನೆ ಸಂಜಿಮುಂದ. ನಿಮ್ಮವ್ವ ಹೇಳಂದಿದ್ಲು, ಹೇಳಾಕತ್ತೀನಿ.” ಆ ಕಡೆಯಿಂದ ಬಂದ ಸದ್ದನ್ನು ನಾನು ಬರೆಯಲಾರೆ. ಅದು ನಿಂತ ಮೇಲೆ ಅವಳು ಒಂದೇ ಮಾತು ಕೇಳಿದಳು: “ಅವ್ವನ ಮಾರಿ ತೋರ್ಸಪ್ಪಾ.”

ತಂದೆ ಫೋನ್ ಹಿಡಿದುಕೊಂಡು ಪಡಸಾಲೆಗೆ ಹೋದರು. ಹಿಂದೆ ಸರ್, ಅವರ ಹಿಂದೆ ನಾನು. ಹೂವು ಸರಿಸಿ, ಹೆಂಡತಿಯ ಮುಖದೆದುರು ಫೋನ್ ಹಿಡಿದು ನಿಂತರು. ಪಡಸಾಲೆಯ ಅಳು ತಟ್ಟನೆ ನಿಂತಿತು. ದೊಡ್ಡಪ್ಪ ಎದ್ದರು.

“ಯಾರ ಹೇಳಿದ್ರು ಆಕಿಗೆ?”

ತಂದೆಯ ತುಟಿ ಅಲುಗಿತು. ಅದಕ್ಕಿಂತ ಮೊದಲು, ಹಿಂದಿನಿಂದ, ಸರ್ ಹೇಳಿದರು: “ನಾ ಹೇಳೀನ್ರಿ.”

ಇದೇ ಊರಿನ ಆಧಾರ. ಅಂದು ಅಲ್ಲಿದ್ದವರೆಲ್ಲ ಆ ಮಾತನ್ನು ಕಿವಿಯಾರೆ ಕೇಳಿದ್ದಾರೆ, ಅದನ್ನೇ ಹೇಳುತ್ತಿದ್ದಾರೆ. ಅವರಾರೂ ಸುಳ್ಳುಗಾರರಲ್ಲ, ಹಿತ್ತಲಿನಲ್ಲಿ ಅವರಿರಲಿಲ್ಲ ಎಂಬುದಷ್ಟೇ.

ಮರಳುವ ಬಸ್ಸಿನಲ್ಲಿ ನಾನು ಸುಮ್ಮನಿರಲಾಗದೆ ಕೇಳಿದೆ. “ಎಲ್ಲಾರಿಗೂ ಖರೆ ಹೇಳ್ರಿ ಅನ್ನಾವ್ರು ನೀವು. ಮಂದಿ ಮುಂದ ಸುಳ್ಳು ಹೇಳಿದ್ರಲ್ಲ ಸರ್?”

“ಖರೆ ಯಾರಿಗೆ ಮುಟ್ಟಬೇಕಿತ್ತು, ಅವರಿಗೆ ಮುಟ್ಟೇತಿ.” ಸ್ವಲ್ಪ ಹೊತ್ತಿನ ಮೇಲೆ ಸೇರಿಸಿದರು: “ನೀವು ಎಲ್ಲೂ ಆಡಬ್ಯಾಡ್ರಿ. ಆ ಮನುಷ್ಯಾ ಅದ ಮನ್ಯಾಗ, ಅದ ಅಣ್ಣನ ಸಂಗಾಟ ಬಾಳೇ ಮಾಡಬೇಕು. ನಂದೇನು, ಬಸ್ ಹತ್ತಿದ್ನಿ, ಬೆಟಗೇರಿಗೆ ಬಂದ್ನಿ.”

ಬೆಟಗೇರಿಗೆ ಬಂದರು, ಆದರೆ ಮಾತು ಅವರಿಗಿಂತ ಮುಂದೆ ಬಂದು ಕುಳಿತಿತ್ತು. ಒಂದೊಂದಾಗಿ ಭಾನುವಾರಗಳು ಬರಿದಾದವು. ಅವರು ಮಾತ್ರ ಬಾಗಿಲು ತೆರೆದಿಟ್ಟು, ಬಂದವರು ಕೂರುವ ಬಾಕುಗಳನ್ನು ಒರೆಸಿ, ಮಧ್ಯಾಹ್ನದವರೆಗೆ ಕುಳಿತಿರುತ್ತಿದ್ದರು. ಬಿಂಕದಕಟ್ಟಿಯಿಂದ ತಂದೆಯೊಬ್ಬರು ಮಗನನ್ನು ಕರೆದುಕೊಂಡು ಬಂದದ್ದು ನೆನಪಿದೆ. ಕೂರುವ ಮೊದಲೇ ಅವರು ಹೇಳಿದರು: “ತಪ್ಪ ತಿಳಕೋಬ್ಯಾಡ್ರಿ ಸರ್. ಆ ಕಡೀಕ ಹೇಳೂ ಮಾತೊಂದು ಬಿಟ್ಟು ಉಳದದ್ದು ಹೇಳ್ರಿ.”

“ಉಳದದ್ದೆಲ್ಲಾ ಮೊಬೈಲಿನಾಗ ಸಿಗತೈತ್ರಿ,” ಎಂದರು ಸರ್. ಆದರೂ ಆ ಹುಡುಗನಿಗೆ ಕಿವಿ ತೋರಿಸಿದರು, ನಿಲ್ದಾಣದ ಸೇತುವೆ ಹತ್ತಿಸಿದರು. ಕೊನೆಯ ಮಾತಿಗೆ ಎದ್ದು ನಿಂತವರು, ತಂದೆಯ ಮುಖ ನೋಡಿ, ಮತ್ತೆ ಕುಳಿತರು. ಅವರು ಸೋತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಊರಿನ ಮಾತಿನಲ್ಲಿ ನಿಜದ ಪಾಲೂ ಇದೆ, ಅದನ್ನು ಅಳಿಸುವುದು ನನ್ನ ಕೆಲಸವಲ್ಲ. ಹುಡುಗಿ ಆ ಸಲದ ಪರೀಕ್ಷೆ ಬರೆಯಲಿಲ್ಲ, ಊರಿಗೆ ಬಂದಳು. ಮಣ್ಣು ಮಾಡುವ ಹೊತ್ತಿಗೆ ಮುಟ್ಟಲಿಲ್ಲ. ಆದರೆ ಓದು ಅವತ್ತಿಗೆ ಮುಗಿಯಿತೆಂಬುದು ಸುಳ್ಳು. ಮರಳಿ ಹೋಗಿ, ತಡವಾಗಿ ಬರೆದು, ಮುಗಿಸಿ ಬಂದಿದ್ದಾಳೆ. ಈಗ ಮುಂಡರಗಿಯಲ್ಲಿ ಬಿತ್ತನೆಬೀಜ ಪರೀಕ್ಷಿಸುವ ಕೆಲಸ. ಸರ್ ತೀರಿಕೊಂಡ ದಿನ ಬಂದವಳು ನನ್ನ ಬಳಿ ಕುಳಿತು ಹೇಳಿದಳು: “ಪಾಸ್‌ಪೋರ್ಟ್ ಅಂದ ಕೂಡಲೆ ನನಗ ಗೊತ್ತಾತ್ರಿ ಅಜ್ಜಾರ. ಅವ್ವ ಆರಾಮಿದ್ರ ಸರ್ ಯಾಕ ಪಾಸ್‌ಪೋರ್ಟ್ ಕೇಳ್ತಾರ? ಅಪ್ಪ ಫೋನ್ ಮಾಡೂದರಾಗ ನಾ ಗೆಳತಿ ಕೈ ಹಿಡಕೊಂಡು ಕುಂತಿದ್ನಿ. ಬಂದು ಹೊಲಕ್ಕ ಹೋದಾಗ ಮಣ್ಣು ಇನ್ನೂ ಹಸಿ ಇತ್ರಿ. ಅದ ನನಗ ಸಾಕಾತು.”

ಹುಲ್ಲು ಬೆಳೆದ ಮಣ್ಣನ್ನು ಕಂಡವರು ಒಬ್ಬರು, ಹಸಿಮಣ್ಣನ್ನು ಕಂಡವಳು ಒಬ್ಬಳು. ಆ ಮನುಷ್ಯ ಇಡೀ ಬಾಳಿನಲ್ಲಿ ಮಾಡಿದ್ದು ಇದಿಷ್ಟೇ ಎಂದರೂ ನಾನು ಒಪ್ಪುತ್ತೇನೆ.

ಅವರು ತೀರಿಕೊಂಡದ್ದು ಒಂದು ಮುಂಜಾನೆ, ಮನೆಯಲ್ಲಿಯೇ. ಪರದೇಶದಲ್ಲಿರುವ ಹುಡುಗರಿಗೆ ನಾಲ್ಕು ದಿನ ಬಿಟ್ಟು ತಿಳಿಸಿದರಾಯಿತೆಂದು ಓಣಿಯವರು ಯಾರೋ ಅಂದರು. ತಂಗಿ ಅಣ್ಣನ ಫೋನನ್ನು ನನ್ನ ಕೈಗೆ ಕೊಟ್ಟರು. “ಇನ್ನೂ ಯಾರೂ ಉಂಡಿಲ್ಲ. ಈಗ ಹಚ್ಚಿ ಕೊಡ್ರಿ.” ನಾನು ಹಚ್ಚಿ ಕೊಟ್ಟೆ, ಅವರು ಹೇಳುತ್ತ ಹೋದರು. ಎಲ್ಲೋ ಹಿಮ ಬೀಳುತ್ತಿದ್ದ ಊರಿನ ಹುಡುಗನೊಬ್ಬ ಸುದ್ದಿ ಕೇಳಿ, ಅಳುವ ಮೊದಲು, ಅವರನ್ನೇ ಕೇಳಿದ: “ನಿಮ್ಮ ಹತ್ರ ಯಾರದಾರ್ರಿ ಅಕ್ಕಾರ?”

ಆ ಮಧ್ಯಾಹ್ನವೇ ಶಿರಹಟ್ಟಿಯ ಆ ಹುಡುಗಿಯೊಡನೆ ಅವಳ ತಂದೆಯೂ ಬಂದರು. ಶವದ ಹತ್ತಿರ, ನಾನು ಮೊದಲು ಹೇಳಿದ ಆ ಮಾತು ತಗ್ಗಿದ ದನಿಯಲ್ಲಿ ನಡೆದಿತ್ತು. ತಂದೆ ಅದನ್ನು ಕೇಳಿಸಿಕೊಂಡರು. ಮಗಳನ್ನು ಕರೆದುಕೊಂಡು ಹೊರಟುಹೋದರು. ಮರುವಾರ ಒಬ್ಬರೇ ಬಂದು ನನ್ನ ಕಟ್ಟೆಯ ಮೇಲೆ ಕುಳಿತರು.

“ಅಣ್ಣಗ ಹೇಳಿ ಬಂದೀನ್ರಿ. ಆಣಿ ಮುರದಾಂವ ನಾನು, ಸರ್ ಅಲ್ಲ ಅಂತ.”

“ಏನಂದ್ರು?”

“‘ಆವಾಗ ಆಕಿ ಏನಂದ್ಲು’ ಅಂತ ಕೇಳಿದ. ಮಾರಿ ತೋರ್ಸು ಅಂದ್ಲು ಅಂತ ಹೇಳಿದ್ನಿ. ಅಂವನೂ ಅತ್ತಾನ್ರಿ.” ಅವರು ಎದುರಿಗೆ ಸರ್ ಮನೆಯ ಮುಚ್ಚಿದ ಬಾಗಿಲನ್ನು ನೋಡಿದರು. “ಇನ್ನ ಬರೀರಿ ನೀವು. ನನ್ನ ಹೆಸರ ಕೇಳಿದವರಿಗೆ ಅಂಗಡಿ ತೋರಸ್ರಿ.”

ಬರೆದಿದ್ದೇನೆ. ಆದರೆ ನನ್ನ ಬರಹವೂ ಅಚ್ಚೇ. ಇದನ್ನೂ ಯಾರೂ ಸುಮ್ಮನೆ ನಂಬಬೇಕಾಗಿಲ್ಲ. ಶಿರಹಟ್ಟಿಯ ಪೇಟೆಯಲ್ಲಿ, ಪರದೇಶಕ್ಕೆ ಓದಲು ಹೋದ ಹುಡುಗಿಯ ತಂದೆಯ ಅಡತಿ ಅಂಗಡಿ ಯಾವುದೆಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ. ಮುಂಜಾನೆಯಿಂದ ಅವರು ಗಾದಿಯ ಮೇಲೆ ಇರುತ್ತಾರೆ. ಹೋಗಿ, ಆ ದಿನ ಹೇಳಿದವರು ಯಾರು ಎಂದು ಕೇಳಿ. ನಮ್ಮ ಕಡೆಯ ಅಂಗಡಿಕಾರರೆಲ್ಲ ಕೇಳುವಂತೆ ಊಟವಾಯಿತೇ ಎಂದು ಅವರು ಮೊದಲು ಕೇಳುವುದಿಲ್ಲ; ನೇರವಾಗಿ ಹೇಳುತ್ತಾರೆ.